ಗೋಡೆಯ ಮೇಲಿನ ಕಜಿಕ್

ಎಮೆಟ್ ಗ್ಯಾರಿಟಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡದ್ದೇ ತಪ್ಪಾಯಿತು. ಬಾಗಿಲು ತೆರೆದ ಮಿಸೆಸ್ ಗವ್ರೋನ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಶವಪೆಟ್ಟಿಗೆ ಆಗ್ಲೇ ಗೊತ್ತು ಮಾಡಿದ್ದಾಯ್ತಪ್ಪ" ಎಂದು ಬಾಗಿಲು ಮುಚ್ಚಹೊರಟಳು.

"ಪೆಟ್ಟಿಗೆಯವನಲ್ಲಮ್ಮ, ಪೇಪರಿನವನು. ವರದಿಗಾರ."

"ನೀನಾ?" ಆಕೆಗೆ ನಂಬಿಕೆಯೇ ಬರಲಿಲ್ಲ. "ಪೇಪರಿನೋರನ್ನ ನಾನೇನು ಕಂಡಿಲ್ವಾ? ಶನಿವಾರ ಬಂದ್ರೆ ಸಿನಿಮಾದಲ್ಲಿ ನೋಡ್ತಿರ್ತೀನಿ. ಬಾಗಿಲು ತಟ್ಟೋ ಅಭ್ಯಾಸವೇ ಇಲ್ಲ ಅವರಿಗೆ, ಟೋಪಿ ಹಾಕ್ಕೊಂಡೇ ನುಗ್ತಾರೆ. ಬಾಯಲ್ಲಿ ಸಿಗರೇಟು, ಮಾತಂದ್ರೆ ಮೆಷಿನ್ ಗನ್ನು. ನೀನು ನೋಡಿದ್ರೆ ಪಾದ್ರಿ ಥರ ನಿಂತಿದೀಯ."

ಎಮೆಟ್‌ಗೆ ನಗು ಬಂತು, ಆದರೆ ಅದು ನಗುವಂಥ ಮನೆಯಾಗಿರಲಿಲ್ಲ. ಅಂಥ ಸಿನಿಮಾಗಳನ್ನೇ ನೋಡಿ ಮರುಳಾಗಿ ಶಿಕಾಗೊದ ಪತ್ರಿಕೆಯೊಂದಕ್ಕೆ ಸೇರಿದವನು ಅವನು. ಸಿನಿಮಾದಲ್ಲಿ ಪತ್ರಿಕೆಯ ಸಂಪಾದಕ ಮೇಜು ಗುದ್ದಿ, "ಮುದ್ರಣ ನಿಲ್ಲಿಸಿ!" ಎಂದು ಕಟ್ಟಡ ನಡುಗುವಂತೆ ಕೂಗುತ್ತಾನೆ. ಇವನ ಪಾಲಿಗೆ ಸಿಕ್ಕ ಸಂಪಾದಕ ಹೊಟ್ಟೆಹುಣ್ಣಿನವನು, ಹಾಲು ಕುಡಿಯುತ್ತ ಮೆಲ್ಲಗೆ ಮಾತಾಡುವವನು. ಇವತ್ತು ಬೆಳಿಗ್ಗೆಯೂ ಮೆಲ್ಲಗೇ ಹೇಳಿದ್ದ: "ಆ ಲಿಫ್ಟ್ ಹುಡುಗನ ಫೋಟೋ ಇಲ್ದೆ ವಾಪಸು ಬರಬೇಡ, ಗ್ಯಾರಿಟಿ. ಬಂದ್ರೂ ನಿನ್ನ ಕುರ್ಚಿ ಇರಲ್ಲ."

ಲಿಫ್ಟ್ ಹುಡುಗನೆಂದರೆ ಈಕೆಯ ಒಬ್ಬನೇ ಮಗ ಕಜಿಕ್. ಮೊನ್ನೆ ತಾನು ಲಿಫ್ಟ್ ನಡೆಸುತ್ತಿದ್ದ ಹೋಟೆಲಿಗೆ ಬೆಂಕಿ ಬಿದ್ದಾಗ ಅವನು ಲಿಫ್ಟಿನ ತುಂಬ ಜನರನ್ನು ತುಂಬಿಕೊಂಡು ಇಳಿಸಿದ, ಮತ್ತೆ ಹತ್ತಿದ, ಮತ್ತೆ ಇಳಿಸಿದ. ಕೊನೆಯ ಸಲ ಹತ್ತಿದವನು ಇಳಿಯಲಿಲ್ಲ. ಮರುದಿನದ ಪತ್ರಿಕೆಗಳಲ್ಲಿ ಹೋಟೆಲ್ ಮಾಲೀಕನ ಫೋಟೋ ಅಂಗೈಯಗಲ ಬಂದಿತ್ತು. ಕಜಿಕ್‌ನ ಹೆಸರೂ ಇರಲಿಲ್ಲ, 'ಒಬ್ಬ ನೌಕರ' ಎಂದಷ್ಟೇ ಇತ್ತು.

ಗುರುತಿನ ಚೀಟಿ ನೋಡಿದ ಮೇಲೆ ಆಕೆ ಒಳಗೆ ಬಿಟ್ಟುಕೊಂಡಳು. ಗೋಡೆಯ ಮೇಲೆ ಕಜಿಕ್ ಇದ್ದ. ಹಿತ್ತಾಳೆ ಗುಂಡಿಯ ಸಮವಸ್ತ್ರ, ತಡೆದುಕೊಂಡರೂ ತುಟಿಯಂಚಿನಲ್ಲಿ ಒಡೆದ ನಗು. ಮನೆಯಲ್ಲಿದ್ದದ್ದು ಅದೊಂದೇ ಫೋಟೋ.

"ಅವನೇ ನನ್ನನ್ನ ಸಿನಿಮಾಕ್ಕೆ ಕರ್ಕೊಂಡು ಹೋಗ್ತಿದ್ದಿದ್ದು" ಎಂದಳು. "ಇಂಗ್ಲಿಷ್ ಮಾತು ಅಷ್ಟು ಜೋರಾಗಿ ಓಡಿದ್ರೆ ನನಗೆಲ್ಲಿ ಅರ್ಥ ಆಗ್ಬೇಕು? ಕಿವೀಲಿ ಪೋಲಿಷ್‌ನಲ್ಲಿ ಹೇಳೋನು. ಹಿಂದಿನೋರು ಬೈಯೋರು, ಇವನು ಕೇಳಿಸಿದ್ರೂ ಕೇಳಿಸದ ಹಾಗೆ ಇರೋನು. ಒಂದು ಸಿನಿಮಾದಲ್ಲಿ ಹಿಂಗೇ ಸತ್ತವರ ಮನೆಗೆ ಬರ್ತಾರೆ ಪೇಪರಿನೋರು. ಪಾಪ, ಆ ತಾಯಿ ಕಾಫಿ ಮಾಡಕ್ಕೆ ಒಳಗೆ ಹೋಗ್ತಾಳೆ. ಬರೋಷ್ಟರಲ್ಲಿ ಫೋಟೋ ಮಾಯ! ಕಳ್ಳ ಮುಂಡೇವು."

ಹಾಗೆಂದವಳೇ ಎದ್ದು ಕಾಫಿ ಮಾಡಲು ಒಳಗೆ ಹೋದಳು.

ಎಮೆಟ್‌ನ ಕಿವಿ ಬಿಸಿಯಾಯಿತು. ಸತ್ತವರ ಮನೆಯಿಂದ ಫೋಟೋ ಎತ್ತಿಕೊಂಡು ಬರುವುದನ್ನು ಅವನ ಕಚೇರಿಯಲ್ಲಿ ಯಾರೂ ಕಳ್ಳತನವೆಂದು ಎಣಿಸುತ್ತಿರಲಿಲ್ಲ, ಚುರುಕುತನ ಎನ್ನುತ್ತಿದ್ದರು. ಅದೊಂದು ವಿಷಯದಲ್ಲಿ ಸಿನಿಮಾದವರು ಸುಳ್ಳು ಹೇಳಿರಲಿಲ್ಲ. ಅವನೂ ಹಿಂದೆ ಆ ಚುರುಕುತನ ತೋರಿಸಿದವನೇ. ಮೆಲ್ಲಗೆ ಎದ್ದು ಮೊಳೆಯಿಂದ ಫೋಟೋ ಬಿಡಿಸಿದ. ಕೋಟಿನ ಗುಂಡಿಯನ್ನೂ ಬಿಚ್ಚಿದ. ಅಷ್ಟರಲ್ಲಿ ಗೋಡೆ ಕಣ್ಣಿಗೆ ಬಿತ್ತು. ಒಲೆಯ ಹೊಗೆಗೆ ಮಾಸಿದ ಗೋಡೆಯಲ್ಲಿ ಫೋಟೋ ಇದ್ದಷ್ಟು ಜಾಗ ಮಾತ್ರ ಬೆಳ್ಳಗಿತ್ತು. ಕುರ್ಚಿ ಹೋದರೆ ಹೋಗಲಿ ಎಂದುಕೊಂಡು ಅವನು ಫೋಟೋವನ್ನು ಮತ್ತೆ ಮೊಳೆಗೆ ಸಿಕ್ಕಿಸಿದ.

ಆಕೆ ಬರಲು ಬಹಳ ಹೊತ್ತು ಹಿಡಿಯಿತು. ಬಂದವಳು ಅವನನ್ನು ನೋಡಲಿಲ್ಲ, ಮೊದಲು ಗೋಡೆಯನ್ನು ನೋಡಿದಳು. ಮುಖ ಸಪ್ಪಗಾಯಿತು.

"ಅಮ್ಮಾ, ಬಾಯಿಬಿಟ್ಟೇ ಕೇಳ್ತೀನಿ" ಎಂದ ಎಮೆಟ್. "ಆ ಫೋಟೋ ಕೊಡಿ. ಪೇಪರಲ್ಲಿ ಮುಖಪುಟಕ್ಕೆ ಹಾಕಿಸ್ತೀನಿ. ನಾಳೆ ನಾನೇ ತಂದು ಇದೇ ಮೊಳೆಗೆ ಹಾಕ್ತೀನಿ."

"ಕೊಡೋ ಹಂಗಿಲ್ಲ ಮಗಾ." ಆಕೆ ಕಾಫಿಯನ್ನು ಅವನ ಮುಂದಿಟ್ಟಳು. ಅದು ಆರಿ ತಣ್ಣಗಾಗಿತ್ತು. "ನಿಮ್ಮ ಪೇಪರುಗಳು ಬರೆದಿದ್ದು ನೋಡಿ ನನ್ನ ಗಂಡ ಲುಡ್ವಿಕ್ ಉರಿದುಬಿದ್ದ. 'ಅವರಿಗೆ ನನ್ನ ಮಗ ಒಬ್ಬ ನೌಕರನಾ? ಇನ್ನು ಅವನ ಮುಖ ಅವರ ಕೈಗೆ ಸಿಗಕೂಡದು' ಅಂತ ಶಿಲುಬೆ ಮುಟ್ಟಿಸಿ ಆಣೆ ಹಾಕಿಸ್ಕೊಂಡ, ಪೇಪರಿನೋರಿಗೆ ನನ್ನ ಕೈಯಿಂದ ಏನೂ ಕೊಡಲ್ಲ ಅಂತ. ಅವನ ಸಂಕಟ ಅವನದು. ನನ್ನ ಸಂಕಟ ಬೇರೆ. ಇಡೀ ಊರು ನನ್ನ ಕಜಿಕ್‌ನ ಮುಖ ನೋಡಬೇಕು ಕಣೋ. ಅವನು ಇಳಿಸಿದ್ನಲ್ಲ, ಅಷ್ಟೂ ಜನ ನೋಡಬೇಕು."

ಎಮೆಟ್ ತಣ್ಣಗಿನ ಕಾಫಿಯನ್ನು ಕೈಗೆತ್ತಿಕೊಂಡ.

"ಅದಕ್ಕೇ ಆ ಸಿನಿಮಾ ಕತೆ ಹೇಳಿ ಒಳಗೆ ಹೋದೆ" ಎಂದಳು ಆಕೆ. "ಬಾಗಿಲ ಸಂದೀಲಿ ಕಾದೆ, ಕಾದೆ. ನೀನು ತೆಗೆದಿದ್ದೂ ನೋಡ್ದೆ, ಮತ್ತೆ ನೇತುಹಾಕಿದ್ದೂ ನೋಡ್ದೆ. ಎಂಥಾ ಪೇಪರಿನೋನಯ್ಯಾ ನೀನು!"

ಸೆರಗಿನಂತೆ ಹೆಗಲ ಮೇಲಿದ್ದ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡಳು. ಆಮೇಲೆ ಶಾಲನ್ನು ತಲೆಗೆ ಹೊದ್ದು, ಪಕ್ಕದ ಮನೆಯಿಂದ ಸಕ್ಕರೆ ತರುತ್ತೇನೆಂದು ಹೊರಟಳು. ಹೊಸ್ತಿಲಲ್ಲಿ ನಿಂತಳು, ತಿರುಗಿ ನೋಡಲಿಲ್ಲ.

"ನಮ್ಮ ಮೆಟ್ಟಿಲು ತುಂಬಾ ಕಡಿದು. ಅವನನ್ನ ಹುಷಾರಾಗಿ ಕೆಳಗಿಳಿಸ್ಕೊಂಡು ಹೋಗಪ್ಪಾ."