ಅಣ್ಣನ ಪಾಲಿನ ಮಾತು

ಮೈಕಿನ ಮುಂದೆ ನಿಂತ ತಮ್ಮ, ಅಣ್ಣನ ದನಿಯಲ್ಲಿ ತನ್ನನ್ನೇ ಬೈದುಕೊಂಡ.

"ಹುಟ್ಟಿದಾಗಲೇ ನಿನ್ನ ತೊಟ್ಟಿಲ ಸಮೇತ ಮಾರಿಬಿಡ್ಬೇಕಿತ್ತು ಕಣೋ, ದಂಡಪಿಂಡ!"

ಡಬ್ಬಿಂಗ್ ಕೋಣೆಯ ಗಾಜಿನ ಆಚೆ ಸೌಂಡ್ ಇಂಜಿನಿಯರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ಮಾತು ಹೆಡ್‌ಫೋನಿನಲ್ಲಿ ಕೇಳಿಸಿತು. "ಥೇಟ್ ಅವರೇ ಸಾರ್! ಕಣ್ಣು ಮುಚ್ಕೊಂಡ್ರೆ ಗೊತ್ತೇ ಆಗಲ್ಲ."

"ಚಿಕ್ಕಂದಿನಿಂದ ಅಣಕಿಸ್ಕೊಂಡೇ ಬಂದಿದೀನಲ್ಲಪ್ಪ," ಎಂದ ತಮ್ಮ.

ಅಣ್ಣ ಇಂಜಿನಿಯರನ ಪಕ್ಕದಲ್ಲೇ ಗಾಲಿಕುರ್ಚಿಯಲ್ಲಿ ಕೂತಿದ್ದ. ಶೂಟಿಂಗ್ ಮುಗಿದ ವಾರಕ್ಕೇ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಇಪ್ಪತ್ತು ವರ್ಷ ತೆರೆಯ ಮೇಲೆ ಹಾವು ಮುಂಗುಸಿಯಂತೆ ಕಚ್ಚಾಡಿ ಜನರನ್ನು ನಗಿಸಿದ ಜೋಡಿ ಅದು. ಕ್ಯಾಮೆರಾ ನಿಂತ ಮೇಲೆ ಇಬ್ಬರ ನಡುವೆ ಮಾತಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಹನ್ನೊಂದು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗ ತಮ್ಮ ದೂರದ ಶೂಟಿಂಗಿನಲ್ಲಿದ್ದ. ಬಿದ್ದೆನೋ ಎದ್ದೆನೋ ಎಂದು ಓಡಿ ಬಂದು, "ನನ್ನ ಕೇಳಿದ್ಲಾ?" ಎಂದಾಗ ಅಣ್ಣ, "ನಿನ್ನ ಹೆಸರೂ ಎತ್ಲಿಲ್ಲ," ಎಂದಿದ್ದ. ಅವತ್ತಿಗೆ ಮಾತು ನಿಂತಿತು. ಆಮೇಲೆ ಇಬ್ಬರೂ ಏನು ಹೇಳಬೇಕಿದ್ದರೂ ಅದನ್ನು ಸಿನಿಮಾದ ಮಾತಿನೊಳಗೇ ತೂರಿಸುತ್ತಿದ್ದರು. ಸ್ಕ್ರಿಪ್ಟಿನಲ್ಲಿಲ್ಲದ ಬೈಗುಳ ಬಂದಾಗಲೆಲ್ಲ ನಿರ್ದೇಶಕ ಕುಣಿದಾಡಿ ಅದನ್ನು ಹಾಗೇ ಉಳಿಸಿಕೊಳ್ಳುತ್ತಿದ್ದ.

"ಬೆಳಗಿನಿಂದ ಇವರದು ಒಂದೇ ಹಟ ಸಾರ್," ಗಾಲಿಕುರ್ಚಿಯ ಹಿಂದೆ ನಿಂತಿದ್ದ ಅತ್ತಿಗೆ ಪಕ್ಕದಲ್ಲಿದ್ದ ನಿರ್ದೇಶಕನಿಗೆ ಹೇಳುತ್ತಿದ್ದಳು. "ಇವತ್ತು ಮಂಚದ ಸೀನು ಅಂತ ಬಾಯ್ತಪ್ಪಿ ಅಂದ್ಬಿಟ್ಟೆ. ಕರ್ಕೊಂಡು ಹೊರಡೋವರೆಗೆ ಮಾತ್ರೆನೂ ಮುಟ್ಲಿಲ್ಲ."

ಮಂಚದ ಸೀನು ಬಂತು. ಸತ್ತ ತಾಯಿಯ ಮಂಚಕ್ಕಾಗಿ ಕಿತ್ತಾಡುವ ಅಣ್ಣತಮ್ಮಂದಿರು ಅದನ್ನು ಗರಗಸದಿಂದ ನಡುಮಧ್ಯಕ್ಕೆ ಕೊಯ್ಯುತ್ತಾರೆ. ಮಂಚ ಎರಡಾಗಿ ಇಬ್ಬರೂ ದೊಪ್ಪನೆ ಬೀಳುತ್ತಾರೆ. ತಮ್ಮ ಧೂಳು ಕೊಡವಿಕೊಂಡು ಎದ್ದು ಹೋಗುತ್ತಾನೆ. ಬಿದ್ದಲ್ಲಿಂದಲೇ ಅಣ್ಣ ಅವನ ಬೆನ್ನಿಗೆ ಏನೋ ಹೇಳುತ್ತಾನೆ.

"ಅಲ್ಲಿ ಸ್ಕ್ರಿಪ್ಟಲ್ಲಿ ಮಾತೇ ಇಲ್ಲ," ಎಂದ ನಿರ್ದೇಶಕ. "ಅವತ್ತು ನಾವೆಲ್ಲ ನಕ್ಕ ಗಲಾಟೆಲಿ ಅವ್ರು ಏನಂದ್ರೋ ಕೇಳಿಸ್ಲಿಲ್ಲ. ತುಟಿ ಮಾತ್ರ ಅಲ್ಲಾಡ್ತಿದೆ. ಏನಾದ್ರೂ ತುಂಬ್ಸಿಬಿಡಿ."

ತಮ್ಮ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು, ಶೂಟಿಂಗಿನಲ್ಲಿ ಹಿಡಿದಿಟ್ಟ ಒರಟು ಧ್ವನಿಯನ್ನು ಹಾಕಿಸಿಕೊಂಡ. ಬರೀ ನಗು. ಮತ್ತೊಮ್ಮೆ ಹಾಕಿಸಿದ. ಮೂರನೆಯ ಸಲ, ಆ ನಗುವಿನ ಅಡಿಯಿಂದ ಅಣ್ಣನ ದನಿ ಬಂತು. ಅದರಲ್ಲಿ ನಟನೆ ಇರಲಿಲ್ಲ.

"ಸುಳ್ಳು ಹೇಳ್ದೆ ಕಣೋ. ಕೊನೇ ಗಳಿಗೆವರೆಗೂ ಅವ್ಳು ನಿನ್ನೇ ಕರೀತಿದ್ಲು."

ತೆರೆಯ ಮೇಲೆ ಅಣ್ಣನ ಮುಖ ಬಾಯಿ ತೆರೆದುಕೊಂಡು ನಿಂತಿತ್ತು. ಗಾಜಿನ ಆಚೆ ಅದೇ ಮುಖ, ಒಂದು ಕಡೆಗೆ ಜೋತುಬಿದ್ದು, ಎವೆಯಿಕ್ಕದೆ ಇವನನ್ನೇ ನೋಡುತ್ತಿತ್ತು. ಹನ್ನೊಂದು ವರ್ಷ ಅಣ್ಣ ಆ ಮಾತನ್ನು ಬಚ್ಚಿಟ್ಟುಕೊಂಡಿದ್ದ. ಈಗ ಅದನ್ನು ಹೊರಗೆ ತರಬಲ್ಲ ದನಿ ಇದ್ದದ್ದು ತಮ್ಮನೊಬ್ಬನ ಗಂಟಲಲ್ಲಿ.

"ಏನಂದಿದಾರೆ, ತಿಳೀತಾ?" ನಿರ್ದೇಶಕ ಕೇಳಿದ.

ತಮ್ಮ ಗಾಜಿನ ಕಡೆ ನೋಡಿದ. ನಿಧಾನಕ್ಕೆ ಒಂದು ಗುಟುಕು ನೀರು ಕುಡಿದ.

"ಇಲ್ಲ. ಏನೂ ತಿಳೀತಿಲ್ಲ. ಹಾಕಿ, ನಾನೇ ಏನೋ ಸೇರಿಸ್ತೀನಿ."

ಕೆಂಪು ದೀಪ ಹತ್ತಿತು. ಅಣ್ಣನ ತುಟಿ ಅಲುಗಿದ ಲೆಕ್ಕಕ್ಕೆ ಸರಿಯಾಗಿ, ಅಣ್ಣನದೇ ದನಿಯಲ್ಲಿ ತಮ್ಮ ಹೇಳಿದ: "ಅರ್ಧ ಮಂಚ ಸಿಕ್ತಲ್ಲ, ಹೋಗಿ ಅರ್ಧ ನಿದ್ದೆ ಮಾಡ್ಕೊ ಹೋಗೋ, ಗೂಬೆ!"

ಹೆಡ್‌ಫೋನಿನ ತುಂಬ ನಗು. ಗಾಜಿನ ಆಚೆ ಅಣ್ಣ ಮುಂದಕ್ಕೆ ಬಾಗಿ, ಎಡ ಅಂಗೈಯಿಂದ ಗಾಜನ್ನು ಬಡಿಯತೊಡಗಿದ. ಕುತ್ತಿಗೆಯ ನರ ಉಬ್ಬಿತ್ತು, ಬಾಯಿಯ ಓರೆಯಿಂದ ಜೊಲ್ಲು ಇಳಿಯುತ್ತಿತ್ತು. ಅತ್ತಿಗೆ ಎರಡೂ ಕೈಯಲ್ಲಿ ಹಿಡಿದರೂ ಆ ಕೈ ನಿಲ್ಲಲಿಲ್ಲ. ದಪ್ಪ ಗಾಜಿನ ಈಚೆಗೆ ಅದರ ಸದ್ದೇ ಬರಲಿಲ್ಲ. ಬಂದದ್ದು ನಿರ್ದೇಶಕನ ಮಾತು ಮಾತ್ರ.

"ಓಕೆ! ಇದೇ ಇರ್ಲಿ. ನೋಡಿ ಸಾರ್, ನಿಮ್ಮಣ್ಣನಿಗೂ ಎಷ್ಟು ಹಿಡಿಸ್ಬಿಡ್ತು. ಪಾಪ, ಇರೋ ಒಂದೇ ಕೈಲಿ ಚಪ್ಪಾಳೆ ಹೊಡೀತಿದಾರೆ."