ಓರೆ ಬೇಲಿ

ಮೀನುದೋಣಿಯೊಂದಕ್ಕೆ ಗುದ್ದಿ, ಬಂಡೆಗೆ ತಾಗಿ ಒಡೆದ ಹಡಗಿನ ಎಣ್ಣೆ ಅಳಿವೆಯತ್ತ ಬರುತ್ತಿತ್ತು. ಹೊರಗಿನಿಂದ ಬಂದ ಮೇಸ್ತ್ರಿ ತೇಲುವ ಬೇಲಿಯನ್ನು ನೀರಿಗಿಳಿಸುತ್ತಿದ್ದ.

"ನೇರ ಕಟ್ಟಿದ್ರೆ ಈ ನೀರಿನ ಸೆಳೆತಕ್ಕೆ ಎಣ್ಣೆ ಬೇಲಿಯ ಅಡಿಯಿಂದ ನುಸುಳ್ತದೆ. ಓರೆ ಕಟ್ಟಿದ್ರೆ ಬೇಲಿಗುಂಟ ಜಾರಿ ಒಂದೇ ದಡಕ್ಕೆ ಸೇರ್ತದೆ. ಯಾರ ದಡ, ನೀವೇ ಹೇಳಿ."

ನೆರೆದಿದ್ದ ಊರವರು ತಂತಮ್ಮ ದಡದತ್ತ ನೋಡಿದರು. ಎಣ್ಣೆ ಸೇರಿದ ದಡದಲ್ಲಿ ಮತ್ತೆ ಚಿಪ್ಪಿ ಹುಟ್ಟುವುದು ಯಾವಾಗಲೋ.

"ನಮ್ಮನಿ ದಡಕ್ಕೆ ತಿರುಗ್ಸಿ," ಎಂದಳು ಸೀತು.

"ತಲೆಗೆ ಹಚ್ಕೊಳ್ಳೋಕೆ ಎಣ್ಣೆ ಬೇಕಂತೆ!" ಬೇಲಿ ಎಳೆಯುವವರಲ್ಲಿ ಒಬ್ಬ ನಕ್ಕ. ಊರವರು ಯಾರೂ ನಗಲಿಲ್ಲ.

"ಚಿಪ್ಪಿ ಹೆಕ್ಕಿ ಬದುಕುವವರು ನೀವು. ಯೋಚನೆ ಮಾಡಿ ಅಮ್ಮಾ," ಎಂದ ಮೇಸ್ತ್ರಿ.

"ಮಾಡಿ ಆಯ್ತು ಮಾರಾಯ್ರೆ. ಎಣ್ಣೆ ಒಂದೇ ಬತ್ತದಾ, ತೇಲೂದೆಲ್ಲ ಬತ್ತದಾ?"

"ತೇಲುವುದೆಲ್ಲ ಬರ್ತದೆ. ಕಸ, ಕಡ್ಡಿ, ಎಲ್ಲ."

"ಹಾಗಾರೆ ಕಟ್ಟಿ."

ಮೇಸ್ತ್ರಿ ಬೇಲಿಯ ತುದಿಯನ್ನು ಅವಳ ಮನೆಯೆದುರಿನ ತೆಂಗಿಗೆ ಬಿಗಿದ.

ಸಂಜೆಗೆ ಎಣ್ಣೆ ಬೇಲಿಯನ್ನು ಸವರಿಕೊಂಡು ನಿಧಾನ ಬಂತು. ಸೀತು ಮೊಣಕಾಲುದ್ದದ ಕಪ್ಪು ನೀರಿಗೆ ಇಳಿದು ನಿಂತಿದ್ದಳು. ಹಡಗು ಗುದ್ದಿದ ದೋಣಿಯಲ್ಲಿದ್ದ, ಇನ್ನೂ ಸಿಗದ ಗಂಡನಿಗೆ ಹೊದಿಸಲೆಂದು ಒಗೆದ ಪಂಚೆಯೊಂದು ಅವಳ ಹೆಗಲ ಮೇಲಿತ್ತು.