ಗಟ್ಟಿ ಸ್ಪ್ರಿಂಗ್

ಮಗಳ ಬೈಕನ್ನು ತಾಯಿ ಗುಟ್ಟಾಗಿ ಗ್ಯಾರೇಜಿಗೆ ತಳ್ಳಿಕೊಂಡು ಬಂದಳು.

“ಮುಂದಿನ ಚಕ್ರ ಹಿಡಿದಿರೋ ಫೋರ್ಕಿಗೆ ಇರೋದ್ರಲ್ಲೇ ಗಟ್ಟಿ ಸ್ಪ್ರಿಂಗು, ಮಂದವಾಗಿರೋ ಆಯಿಲ್ಲು ಹಾಕಪ್ಪ.”

“ಅಮ್ಮಾ, ಪ್ರತಿ ಗುಂಡೀನೂ ಕೈಗೆ ಹೊಡೆಯುತ್ತೆ.”

“ಹೊಡೀಲಿ. ಕೈ ಸೋತ ಮೇಲಾದ್ರೂ ಈ ರೇಸಿನ ಹುಚ್ಚು ಬಿಡ್ತಾಳೆ. ಅವಳಿಗೇನಾದ್ರೂ ಹೇಳಿದ್ಯೋ, ನೋಡು!”

ಮೆಕ್ಯಾನಿಕ್ ಏನೋ ಹೇಳಲು ಬಾಯಿ ತೆರೆದ. ಅವಳು ಕಣ್ಣಲ್ಲೇ ಮುಚ್ಚಿಸಿದಳು.

ತಾಯಿ ಮಗಳು ಮಾತು ಬಿಟ್ಟು ತಿಂಗಳಾಗಿತ್ತು. ಭಾನುವಾರ ಸಂಜೆ ಮಗಳು ಊಟದ ಮೇಜಿನ ಮೇಲೆ ಟ್ರೋಫಿಯನ್ನು ಕುಕ್ಕಿದಳು.

“ಬ್ರೇಕ್ ಹಿಡಿದಾಗೆಲ್ಲ ಮೂತಿ ತಗ್ಗಿಸಿ ಮುಗ್ಗರಿಸ್ತಿದ್ದ ಗಾಡಿ ಇವತ್ತು ಜಗ್ಗಲಿಲ್ಲ. ಅದಕ್ಕೇ ಗೆದ್ದೆ.”

ತಾಯಿ ತಟ್ಟೆಯಲ್ಲಿನ ಅನ್ನ ಕಲಸುತ್ತಲೇ ಇದ್ದಳು.

“ಮುಂದಿನ ವಾರ ದೊಡ್ಡ ರೇಸಿದೆ. ಹಿಂದಿನ ಸ್ಪ್ರಿಂಗನ್ನೂ ನೀನೇ ಗಟ್ಟಿ ಮಾಡಿಸಿಬಿಡಮ್ಮ.”